ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯನ್ನು ಭಾಗಿಸಿ ನೋಡಿದವರು ಯಾರು?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ದಾವಣಗೆರೆ. ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ನಾಲ್ಕು ಕೋಟಿ ಅಂಕಿಗಳಿರುವ ಅವಿಭಾಜ್ಯ ಸಂಖ್ಯೆಯೊಂದು ಸಿಕ್ಕಿದೆ ಎಂದು ಎಲ್ಲೋ ಓದಿದಾಗಿನಿಂದ ಅವನಿಗೆ ಅದೇ ಧ್ಯಾನ. ಅದಕ್ಕಿಂತ ದೊಡ್ಡದನ್ನು ಹುಡುಕುತ್ತೇನೆ ಅಂತ ಲ್ಯಾಪ್‌ಟಾಪಿಗೆ ಒಂದು ಸಾಫ್ಟ್‌ವೇರ್ ಹಾಕಿ ಹಗಲೂ ರಾತ್ರಿ ಓಡಿಸುತ್ತಿದ್ದಾನೆ. ಮುಟ್ಟಿದರೆ ಕೈ ಸುಡುತ್ತದೆ. ಸಿಕ್ಕರೆ ಲಕ್ಷಗಟ್ಟಲೆ ಬಹುಮಾನ ಅನ್ನುತ್ತಾನೆ. ಇಂಥ ಸಂಖ್ಯೆ ಸಿಕ್ಕವರು ಬ್ಯಾಂಕಿನ ಲಾಕ್ ಒಡೆಯಬಹುದು, ಪೊಲೀಸ್ ಕೇಸ್ ಆಗುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಮ್ಮ ಯಜಮಾನರು ನಂಬಿಕೊಂಡು ಕೂತಿದ್ದಾರೆ. ನನ್ನದು ಬೇರೆ ಅನುಮಾನ. 97 ಅವಿಭಾಜ್ಯ ಹೌದೋ ಅಲ್ಲವೋ ಅಂತ ನಾವು ಶಾಲೆಯಲ್ಲಿ ಭಾಗಿಸಿ ನೋಡುತ್ತಿದ್ದೆವು. ನಾಲ್ಕು ಕೋಟಿ ಅಂಕಿಗಳದ್ದನ್ನು ಯಾರು ಭಾಗಿಸಿ ನೋಡಿದರು? ಸುಮ್ನೆ ಹೇಳಿಬಿಟ್ಟರಾ? ಮಗ ತಾನೇ ಒಂದು ಸೂತ್ರ ಕಂಡುಹಿಡಿದಿದ್ದೇನೆ ಅಂತಲೂ ಹೇಳುತ್ತಾನೆ. ಆ ಹಾಳೆಯ ಫೋಟೊ ಕಳಿಸಿದ್ದೇನೆ. ಅವನನ್ನು ತಡೆಯಬೇಕಾ, ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಲ್ಯಾಪ್‌ಟಾಪ್ ಮತ್ತು ದುಡ್ಡು, ಪೊಲೀಸ್ ಭಯ, ಮತ್ತು ಈ ಸಂಖ್ಯೆಯನ್ನು ನಂಬಬಹುದಾ ಎನ್ನುವುದು. ಮೂರನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಂಖ್ಯಾಸಿದ್ಧಾಂತ ಪಾಠ ಮಾಡುವವನಾಗಿ ಹೇಳುತ್ತೇನೆ, ಎಷ್ಟೋ ಪದವೀಧರರು ಕೇಳದೇ ಬಿಡುವ ಪ್ರಶ್ನೆಯನ್ನು ನೀವು ಕೇಳಿದ್ದೀರಿ.

ನಿಮ್ಮ ಮಗ ಓದಿರುವುದು 2¹³⁶²⁷⁹⁸⁴¹ − 1 ಎಂಬ ಸಂಖ್ಯೆಯ ಬಗ್ಗೆ. ಎರಡನ್ನು 13,62,79,841 ಸಲ ಬರೆದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ. ಇದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ 3000 ಅಂಕಿ ಅಚ್ಚು ಹಾಕಿದರೂ 13,600ಕ್ಕೂ ಹೆಚ್ಚು ಪುಟ ಬೇಕು. 2024ರ ಅಕ್ಟೋಬರ್ 21ರಂದು ಇದನ್ನು ಪ್ರಕಟಿಸಿದರು. ಕಂಡುಹಿಡಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್. ಆಗ ಅವರಿಗೆ 36 ವರ್ಷ, ಹಿಂದೆ ಎನ್‌ವಿಡಿಯಾ ಎಂಬ ಚಿಪ್ ಕಂಪನಿಯಲ್ಲಿ ಕೆಲಸ ಮಾಡಿದವರು. ಗಿಂಪ್ಸ್ ಎಂಬ ಸ್ವಯಂಸೇವಕರ ಯೋಜನೆಯ ಸಾಫ್ಟ್‌ವೇರ್ ಬಳಸಿ ಹುಡುಕಿದರು. ನಿಮ್ಮ ಮಗ ಹಾಕಿಕೊಂಡಿರುವುದೂ ಬಹುಶಃ ಅದೇ.

ಎರಡರ ಘಾತದಿಂದ ಒಂದು ಕಳೆದು ಬರುವ ಇಂಥ ಅವಿಭಾಜ್ಯಗಳನ್ನು ಮರ್ಸೆನ್ ಅವಿಭಾಜ್ಯಗಳು ಅನ್ನುತ್ತಾರೆ. 17ನೇ ಶತಮಾನದ ಫ್ರೆಂಚ್ ಪಾದ್ರಿ ಮರಿನ್ ಮರ್ಸೆನ್ ಹೆಸರು ಅದಕ್ಕೆ ಅಂಟಿಕೊಂಡಿದೆ. 3, 7, 31, 127 ಈ ಸಾಲಿನ ಮೊದಲ ನಾಲ್ಕು. ಈಗ ಗೊತ್ತಿರುವವು ಒಟ್ಟು 52. ನಡುವೆ ಕಣ್ತಪ್ಪಿ ಉಳಿದವು ಇರಬಹುದು, ಎಲ್ಲವನ್ನೂ ಎರಡನೇ ಸಲ ತಾಳೆ ನೋಡುವ ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಇಂಥವು ಅನಂತವಾಗಿವೆಯೇ ಎಂಬುದನ್ನೂ ಇವತ್ತಿಗೂ ಯಾರೂ ಸಾಧಿಸಿಲ್ಲ. ಅವಿಭಾಜ್ಯಗಳು ಅನಂತ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಹಾಗಾಗಿ ‘ಜಗತ್ತಿನ ಅತಿ ದೊಡ್ಡ ಅವಿಭಾಜ್ಯ’ ಎಂಬುದೇ ಇಲ್ಲ. ‘ನಮಗೆ ಗೊತ್ತಿರುವುದರಲ್ಲಿ ದೊಡ್ಡದು’ ಅಷ್ಟೇ.

ಈಗ ಭಾಗಾಕಾರದ ಮಾತು. ನಿಮ್ಮ ಅನುಮಾನ ಸರಿ, ಇದನ್ನು ಯಾರೂ ಭಾಗಿಸಿ ನೋಡಿಲ್ಲ. ನೋಡಲು ಸಾಧ್ಯವೂ ಇಲ್ಲ. ಇದರ ವರ್ಗಮೂಲದಲ್ಲೇ ಎರಡು ಕೋಟಿಗೂ ಹೆಚ್ಚು ಅಂಕಿಗಳಿವೆ. ಅಲ್ಲಿವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋದರೆ ಭೂಮಿಯ ಕಂಪ್ಯೂಟರುಗಳೆಲ್ಲಾ ಸೇರಿದರೂ ಮುಗಿಯದು. ಆದರೆ ಎರಡರ ಘಾತಕ್ಕೆ ಒಂದು ಕಡಿಮೆ ಎಂಬ ಆಕಾರ ಇದೆಯಲ್ಲ, ಅದು ನಮಗೆ ಬೇರೊಂದು ದಾರಿ ಬಿಟ್ಟುಕೊಡುತ್ತದೆ. ಫ್ರಾನ್ಸಿನ ಎದುವಾರ್ ಲೂಕಾ 19ನೇ ಶತಮಾನದಲ್ಲಿ ಕಂಡುಕೊಂಡದ್ದು, ಅಮೆರಿಕದ ಡಿ. ಎಚ್. ಲೆಹ್ಮರ್ 20ನೇ ಶತಮಾನದಲ್ಲಿ ಚೊಕ್ಕ ಮಾಡಿದ್ದು.

ಕಾಗದ ಪೆನ್ನು ತೆಗೆದುಕೊಳ್ಳಿ, ಇಬ್ಬರೂ ಸೇರಿ ಮಾಡೋಣ. 31 ಅವಿಭಾಜ್ಯವೇ? 31 ಅಂದರೆ 2⁵ − 1. ಯಾವಾಗಲೂ 4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, 31ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಇದನ್ನು ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ಮೂರು ಸಲ ಮಾಡಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. ಕೊನೆಗೆ ಸೊನ್ನೆ ಬಂತು, 31 ಅವಿಭಾಜ್ಯ. ಸೊನ್ನೆ ಬರದಿದ್ದರೆ ಅಲ್ಲ. ‘ಬಹುಶಃ’ ಎಂಬ ಮಾತೇ ಇಲ್ಲ, ಎರಡೂ ಕಡೆ ಖಚಿತ.

ಪರೀಕ್ಷೆಯಲ್ಲಿ ಪಾಸಾಗದ ಒಂದು ಉದಾಹರಣೆಯನ್ನೂ ನೋಡಿ. 2¹¹ − 1 ಅಂದರೆ 2047. ಇದೇ ಆಟವನ್ನು ಒಂಬತ್ತು ಸಲ ಆಡಬೇಕು. 4ರಿಂದ ಹೊರಟರೆ 14, 194, 788, 701, 119, 1877, 240, 282, ಕೊನೆಗೆ 1736. ಸೊನ್ನೆ ಬರಲಿಲ್ಲ. ನಿಜವೇ, 2047 ಅಂದರೆ 23 × 89. ಆದರೆ ಗಮನಿಸಿ, ನಾವು ಹಾಕಿದ ಲೆಕ್ಕದಲ್ಲಿ 23 ಆಗಲಿ 89 ಆಗಲಿ ಎಲ್ಲೂ ಕಾಣಿಸಲಿಲ್ಲ. ಅಪವರ್ತನ ಯಾವುದೆಂದು ಗೊತ್ತಿಲ್ಲದೆಯೇ ‘ಅಪವರ್ತನ ಇದೆ’ ಎಂದು ಹೇಳಲು ಬರುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಒಂದು ಕ್ಷಣ ಯಾರೂ ಒಪ್ಪುವುದಿಲ್ಲ. ಒಪ್ಪದಿರುವುದು ಸಹಜವೂ ಹೌದು, ಗಣಿತದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು. 2⁶⁷ − 1 ಅವಿಭಾಜ್ಯ ಎಂದು ಮರ್ಸೆನ್ 1644ರಲ್ಲಿ ಬರೆದಿದ್ದ. ಅಲ್ಲ ಎಂದು ಲೂಕಾ 1876ರಲ್ಲಿ ತೋರಿಸಿದ. ಹಾಗಾದರೆ ಅದರ ಅಪವರ್ತನಗಳು ಯಾವುವು? 19,37,07,721 ಮತ್ತು 7,61,83,82,57,287. ಇವು ಸಿಕ್ಕಿದ್ದು 1903ರಲ್ಲಿ, ಫ್ರಾಂಕ್ ನೆಲ್ಸನ್ ಕೋಲ್ ಅವರಿಗೆ. ನಡುವಿನ 27 ವರ್ಷ ಅಪವರ್ತನ ಇರುವುದು ಮಾತ್ರ ಗೊತ್ತಿತ್ತು.

ಶೇಷ ತೆಗೆಯುವುದೂ ಸುಲಭ. ಶಾಲೆಯಲ್ಲಿ 9ರಿಂದ ಭಾಗಿಸಿದಾಗಿನ ಶೇಷಕ್ಕೆ ಅಂಕಿಗಳನ್ನು ಕೂಡುತ್ತಿದ್ದಿರಿ, ನೆನಪಿದೆಯಾ? 9 ಅಂದರೆ 10ಕ್ಕಿಂತ ಒಂದು ಕಡಿಮೆ, ಅದಕ್ಕೇ ಅದು ನಡೆಯುತ್ತದೆ. 31 ಅಂದರೆ 32ಕ್ಕಿಂತ ಒಂದು ಕಡಿಮೆ. 194ರಲ್ಲಿ ಆರು 32 ಇವೆ, ಎರಡು ಉಳಿಯುತ್ತದೆ. 6 + 2 = 8. ಮುಗಿಯಿತು, ಭಾಗಾಕಾರವೇ ಬೇಡ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ನಮ್ಮ ದೈತ್ಯ ಸಂಖ್ಯೆ ಅಂದರೆ ಸಾಲಾಗಿ 13,62,79,841 ಒಂದುಗಳು, ಸುಮಾರು 17 ಎಂಬಿ. ಅದರಿಂದ ಶೇಷ ತೆಗೆಯುವುದೆಂದರೆ ಕಂಪ್ಯೂಟರಿಗೆ ಎರಡು ತುಂಡು ಮಾಡಿ ಕೂಡಿದಷ್ಟೇ. ದೊಡ್ಡ ಅವಿಭಾಜ್ಯಗಳ ದಾಖಲೆ ಬಹುತೇಕ ಯಾವಾಗಲೂ ಮರ್ಸೆನ್ ಸಂಖ್ಯೆಗಳ ಹೆಸರಿನಲ್ಲೇ ಇರುವುದಕ್ಕೆ ಇದೇ ಕಾರಣ. ಅಷ್ಟು ದೊಡ್ಡ ಅವಿಭಾಜ್ಯಗಳು ಬೇರೆ ಆಕಾರದಲ್ಲೂ ಬೇಕಾದಷ್ಟಿವೆ. ಅವನ್ನು ಪರೀಕ್ಷಿಸಲು ಇಷ್ಟು ಸಲೀಸಾದ ದಾರಿ ಇಲ್ಲ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಯಾವುದೇ ಸಂಖ್ಯೆಗೂ ಖಚಿತ ಉತ್ತರ ಕೊಡುವ ವಿಧಾನ ಕಂಡುಹಿಡಿದರು. ಅಂಕಿಗಳು ಹೆಚ್ಚಿದರೂ ಅದರ ಸಮಯ ಅಂಕೆ ಮೀರಿ ಬೆಳೆಯುವುದಿಲ್ಲ. ಸಿದ್ಧಾಂತವಾಗಿ ಅದು ಬಹಳ ದೊಡ್ಡ ಸಾಧನೆ, ಆದರೆ ಕೋಟಿ ಅಂಕಿಗಳ ಮಟ್ಟದಲ್ಲಿ ಓಡಿಸಲು ತೀರಾ ನಿಧಾನ.

ನಮ್ಮ ಸಂಖ್ಯೆಗೆ ಈ ವರ್ಗ ಮಾಡಿ ಎರಡು ಕಳೆಯುವ ಕೆಲಸವನ್ನು 13,62,79,839 ಸಲ ಮಾಡಬೇಕು. ಪ್ರತಿ ಸಲವೂ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ವರ್ಗ. ನಡುವೆ ಎಲ್ಲಾದರೂ ಒಂದು ಬಿಟ್ ತಪ್ಪಿದರೂ ಕೊನೆಯ ಉತ್ತರ ಪೂರ್ತಿ ಹಾಳು. ಅದಕ್ಕೇ ಒಂದೇ ಯಂತ್ರದ ಮಾತನ್ನು ಯಾರೂ ನಂಬುವುದಿಲ್ಲ. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಜಿಪಿಯು (ಒಮ್ಮೆಗೇ ಅನೇಕ ಲೆಕ್ಕ ಮಾಡುವ ಚಿಪ್) ‘ಇದು ಅವಿಭಾಜ್ಯ ಇರಬಹುದು’ ಎಂದಿತು. ಅದು ಮಾಡಿದ್ದು ಫರ್ಮಾ ಪರೀಕ್ಷೆ ಎಂಬ ಬೇರೆಯದೇ ಪರೀಕ್ಷೆ, ಅದರಲ್ಲಿ ಅಪರೂಪಕ್ಕೆ ಸುಳ್ಳು ಅವಿಭಾಜ್ಯಗಳೂ ನುಸುಳುತ್ತವೆ. 341 ಅಂದರೆ 11 × 31, ಆದರೂ ಎರಡನ್ನು ಆಧಾರವಾಗಿಟ್ಟ ಫರ್ಮಾ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಮರುದಿನ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದ ಇನ್ನೊಂದು ಜಿಪಿಯು ಲೂಕಾ–ಲೆಹ್ಮರ್ ಪರೀಕ್ಷೆ ಮುಗಿಸಿತು, ಸೊನ್ನೆ ಬಂತು. ಆಮೇಲೆ ಬೇರೆ ಬೇರೆಯವರು, ಬೇರೆ ಬೇರೆ ಪ್ರೋಗ್ರಾಂಗಳಿಂದ, ಬೇರೆ ಬೇರೆ ಯಂತ್ರಗಳಲ್ಲಿ ಮತ್ತೆ ಮಾಡಿ ನೋಡಿದರು. ಇಷ್ಟಾದ ಮೇಲೆಯೇ ಪ್ರಕಟಣೆ. ಸುಮ್ನೆ ಹೇಳಿಬಿಟ್ಟದ್ದಲ್ಲ.

ಈ ದೈತ್ಯನ ಒಂದು ತುದಿಯನ್ನು ನೀವೇ ಮುಟ್ಟಿ ನೋಡಬಹುದು. ಎರಡರ ಘಾತಗಳ ಕೊನೆಯ ಎರಡು ಅಂಕಿ 04, 08, 16, 32, 64, 28 ಎಂದು ಸಾಗಿ ಪ್ರತಿ 20 ಹೆಜ್ಜೆಗೊಮ್ಮೆ ಮರಳಿ ಬರುತ್ತವೆ. 13,62,79,841ನ್ನು 20ರಿಂದ ಭಾಗಿಸಿದರೆ ಶೇಷ 1. ಅಂದರೆ 2²¹ರ ಕೊನೆಯ ಎರಡು ಅಂಕಿಗಳೇ ಇಲ್ಲೂ. 2²¹ ಅಂದರೆ 20,97,152. ಕೊನೆಯಲ್ಲಿ 52, ಒಂದು ಕಳೆದರೆ 51. ಪ್ರಕಟಿಸಿದ ಸಂಖ್ಯೆಯ ಕೊನೆ ನೋಡಿ, ...6871551 ಎಂದೇ ಇದೆ. 

ಮಗನ ಹಾಳೆಯಲ್ಲಿ ‘ಇಂಥ ಅವಿಭಾಜ್ಯಗಳು 1 ಅಥವಾ 7ರಲ್ಲೇ ಮುಗಿಯುತ್ತವೆ’ ಎಂಬ ಸಾಲೂ ಇದೆ. ಮೊದಲ 3 ಒಂದನ್ನು ಬಿಟ್ಟರೆ ಅದು ಸರಿ. ಬೆಸ ಘಾತವಾದಾಗ ಎರಡರ ಘಾತ 2 ಅಥವಾ 8ರಲ್ಲೇ ಮುಗಿಯುವುದರಿಂದ ಹಾಗಾಗುತ್ತದೆ.

ಬ್ಯಾಂಕಿನ ಭಯಕ್ಕೆ ಬರುತ್ತೇನೆ. ಇದರಲ್ಲಿ ಒಂದು ಎಳೆ ನಿಜವಿದೆ, ಅದಕ್ಕೇ ಸುಳ್ಳು ನಂಬುವಂತೆ ಕಾಣುತ್ತದೆ. ಆನ್‌ಲೈನ್ ಭದ್ರತೆಯಲ್ಲಿ ಬಳಸುವ ಆರ್‌ಎಸ್‌ಎ ಪದ್ಧತಿಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ ಬಹಿರಂಗ, ಆ ಎರಡು ಮಾತ್ರ ಗುಟ್ಟು. ಆದರೆ ಅವು ನಾಲ್ಕು ಕೋಟಿ ಅಂಕಿಗಳವಲ್ಲ, ಸುಮಾರು 300 ಅಂಕಿಗಳವು. ಅಷ್ಟು ದೊಡ್ಡ ಅವಿಭಾಜ್ಯವನ್ನು ನಿಮ್ಮ ಫೋನ್ ಕೂಡ ಚಿಟಿಕೆ ಹೊಡೆಯುವಷ್ಟರಲ್ಲಿ ಹುಡುಕಿಕೊಡುತ್ತದೆ. 300 ಅಂಕಿಗಳ ಆಸುಪಾಸಿನಲ್ಲಿ ಸರಾಸರಿ ಸುಮಾರು 690 ಸಂಖ್ಯೆಗೊಂದು ಅವಿಭಾಜ್ಯ ಇರುತ್ತದೆ. ಭದ್ರತೆ ನಿಂತಿರುವುದು ಅವು ಯಾವುವೆಂದು ಊಹಿಸಲು ಆಗದಿರುವುದರ ಮೇಲೆ. ಎಲ್ಲರಿಗೂ ಗೊತ್ತಿರುವ 52 ಮರ್ಸೆನ್ ಅವಿಭಾಜ್ಯಗಳಿಂದ ಯಾರ ಬೀಗವೂ ತೆರೆಯದು.

ನಿಜವಾಗಿ ಬೀಗ ಒಡೆದದ್ದು ಬೇರೆ ಕಾರಣಕ್ಕೆ. 2012ರಲ್ಲಿ ಎರಡು ಸಂಶೋಧಕರ ತಂಡಗಳು ಇಂಟರ್‌ನೆಟ್‌ನಲ್ಲಿದ್ದ ಲಕ್ಷಾಂತರ ಬಹಿರಂಗ ಕೀಲಿಗಳನ್ನು, ಅಂದರೆ ಅಂಥ ಗುಣಲಬ್ಧಗಳನ್ನು, ಒಟ್ಟುಹಾಕಿ ಜೋಡಿ ಜೋಡಿಯಾಗಿ ಮ.ಸಾ.ಅ. ತೆಗೆದವು. ಹೌದು, ಪ್ರೈಮರಿಯಲ್ಲಿ ಕಲಿತ ಅದೇ ಮಹತ್ತಮ ಸಾಮಾನ್ಯ ಅಪವರ್ತನ. ಸಾವಿರಾರು ಕೀಲಿಗಳಲ್ಲಿ ಒಂದೇ ಅವಿಭಾಜ್ಯ ಎರಡೆರಡು ಕಡೆ ಬಂದಿತ್ತು, ಮ.ಸಾ.ಅ. ಆ ಗುಟ್ಟಿನ ಅವಿಭಾಜ್ಯವನ್ನೇ ಹೊರಗೆಳೆಯಿತು. ರೌಟರಿನಂಥ ಸಾಧನಗಳು ಆನ್ ಆದ ಕೂಡಲೇ, ಸರಿಯಾದ ರ‍್ಯಾಂಡಮ್ ಸಂಖ್ಯೆ ಸಿಗುವ ಮೊದಲೇ ಕೀಲಿ ಮಾಡಿಕೊಂಡಿದ್ದರಿಂದ ಹಾಗಾಗಿತ್ತು. ಅವಿಭಾಜ್ಯ ಚಿಕ್ಕದಾಗಿದ್ದಕ್ಕಲ್ಲ, ಆಯ್ಕೆ ಊಹೆಗೆ ಸಿಗುವಂತಿದ್ದಕ್ಕೆ ಬೀಗ ಬಿಟ್ಟಿತು. ಕ್ವಾಂಟಂ ಕಂಪ್ಯೂಟರುಗಳ ಅಪಾಯ ನಿಜ, ಅದಕ್ಕೆ ಹೊಸ ಮಾನದಂಡಗಳು 2024ರಲ್ಲೇ ಬಂದಿವೆ. ಈ ಹುಡುಕಾಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಂತ ಮರ್ಸೆನ್ ಅವಿಭಾಜ್ಯಗಳು ಉಪಯೋಗಕ್ಕೆ ಬಾರದವು ಅಂತಲೂ ಅಲ್ಲ. 2⁵²¹ − 1 ಅವಿಭಾಜ್ಯ ಎಂದು ಗೊತ್ತಾದದ್ದು 1952ರ ಜನವರಿ 30ರಂದು. ಅದು ಇವತ್ತು ಒಂದು ಮಾನ್ಯ ಗೂಢಲಿಪಿ ಪದ್ಧತಿಯ ಅಡಿಪಾಯ. ಅಲ್ಲಿ ಅವಿಭಾಜ್ಯ ಗುಟ್ಟಲ್ಲ, ಎಲ್ಲರಿಗೂ ಗೊತ್ತಿರುವಂಥದ್ದೇ. ಅದರ ಮೇಲೆ ನಡೆಯುವ ಲೆಕ್ಕದಲ್ಲಿ ಗುಟ್ಟಿದೆ, ಶೇಷ ತೆಗೆಯುವುದು ಸುಲಭ ಎಂಬ ಕಾರಣಕ್ಕೇ ಅದನ್ನು ಆರಿಸಿದ್ದು. 2¹⁹⁹³⁷ − 1 ಅನ್ನು ಆಧರಿಸಿದ ವಿಧಾನದಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ರ‍್ಯಾಂಡಮ್ ಸಂಖ್ಯೆಗಳನ್ನು ಕೊಡುತ್ತದೆ. ನಾಲ್ಕು ಕೋಟಿ ಅಂಕಿಗಳ ಹೊಸ ಸಂಖ್ಯೆಗೆ ಮಾತ್ರ ಇವತ್ತಿಗೆ ಅಂಥ ನೇರ ಉಪಯೋಗವಿಲ್ಲ. ಅದನ್ನು ಹುಡುಕುವ ಪ್ರೋಗ್ರಾಂಗೆ ಇದೆ. 2016ರಲ್ಲಿ ಇಂಟೆಲ್ಲಿನ ಸ್ಕೈಲೇಕ್ ಪ್ರೊಸೆಸರಿನ ದೋಷ ಬಯಲಾದದ್ದು ಇದೇ ಪ್ರೋಗ್ರಾಂ ಓಡಿಸುವಾಗ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಡ್ಯುರಾಂಟ್ ಅವರಿಗೆ ಘೋಷಿಸಿದ ಬಹುಮಾನ 3000 ಡಾಲರ್, ಸುಮಾರು ಎರಡೂವರೆ ಲಕ್ಷ ರೂಪಾಯಿ. ಅದನ್ನು ಅವರು ಅಮೆರಿಕದ ಅಲಬಾಮಾದ ಒಂದು ಗಣಿತ–ವಿಜ್ಞಾನ ಶಾಲೆಗೆ ಕೊಡುವುದಾಗಿ ಹೇಳಿದರು. ಅವರು ಬಳಸಿದ್ದು ಒಂದು ಲ್ಯಾಪ್‌ಟಾಪ್ ಅಲ್ಲ, 17 ದೇಶಗಳಲ್ಲಿ ಹರಡಿದ ಸಾವಿರಾರು ಬಾಡಿಗೆ ಜಿಪಿಯುಗಳು. ಬಹುಮಾನಕ್ಕಿಂತ ಖರ್ಚೇ ಎಷ್ಟೋ ಪಾಲು ಜಾಸ್ತಿ. ಇದಕ್ಕೆ ಹಿಂದಿನ ದಾಖಲೆ ಬಂದದ್ದು 2018ರ ಡಿಸೆಂಬರಿನಲ್ಲಿ. ನಡುವಿನ ಸುಮಾರು ಆರು ವರ್ಷ ಜಗತ್ತಿನಾದ್ಯಂತ ಹುಡುಕಿದವರಿಗೆ ಹೊಸದೊಂದೂ ಸಿಕ್ಕಿರಲಿಲ್ಲ. ಈಗ ಹುಡುಕುತ್ತಿರುವ ಗಾತ್ರದಲ್ಲಿ ಒಂದು ಪರೀಕ್ಷೆ ಫಲಿಸುವ ಸಂಭವ, ಗಣಿತದ ಅಂದಾಜಿನಂತೆ, ಹತ್ತು ಲಕ್ಷಕ್ಕೆ ಒಂದರ ಆಸುಪಾಸು. ಆ ಒಂದು ಪರೀಕ್ಷೆಗೆ ಸಾಧಾರಣ ಲ್ಯಾಪ್‌ಟಾಪಿಗೆ ಹಲವು ದಿನ ಬೇಕು. 10 ಕೋಟಿ ಅಂಕಿ ದಾಟಿದ ಮೊದಲ ಅವಿಭಾಜ್ಯಕ್ಕೆ ಅಮೆರಿಕದ ಒಂದು ಸಂಸ್ಥೆ 1,50,000 ಡಾಲರ್ ಇಟ್ಟಿರುವುದು ನಿಜ. ಆ ಗಾತ್ರದಲ್ಲಿ ಒಂದೊಂದು ಪರೀಕ್ಷೆಯೂ ಇನ್ನೂ ಎಷ್ಟೋ ಪಟ್ಟು ದೀರ್ಘ. ದುಡ್ಡಿಗಾಗಿ ಇದನ್ನು ಮಾಡಬಾರದು.

ಕರೆಂಟ್ ಲೆಕ್ಕ ಹಾಕಿ. ಲ್ಯಾಪ್‌ಟಾಪ್ ಪೂರ್ತಿ ಶಕ್ತಿಯಲ್ಲಿ 60 ವ್ಯಾಟ್ ಎಳೆಯಿತು ಅನ್ನಿ. ದಿನಕ್ಕೆ ಹತ್ತಿರಹತ್ತಿರ ಒಂದೂವರೆ ಯೂನಿಟ್, ತಿಂಗಳಿಗೆ 43. ಗೃಹಜ್ಯೋತಿಯಲ್ಲಿ ಇದ್ದೀರಾದರೆ ಮೀಟರ್ ನೋಡಿಕೊಳ್ಳಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕಾಗುತ್ತದೆ. ಲ್ಯಾಪ್‌ಟಾಪ್ ಸುಡುವುದಕ್ಕೆ ಕಾರಣ, ಈ ಪ್ರೋಗ್ರಾಂ ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ (ಲೆಕ್ಕ ಮಾಡುವ ಭಾಗಗಳನ್ನು) ಬಿಡುವಿಲ್ಲದೆ ದುಡಿಸುತ್ತದೆ. ಹೊಸ ಕಂಪ್ಯೂಟರಿನ ತಾಕತ್ತು ಪರೀಕ್ಷಿಸಲು ಜನ ಇದನ್ನೇ ಓಡಿಸುತ್ತಾರೆ. ತೆಳು ಲ್ಯಾಪ್‌ಟಾಪಿನ ಚಿಕ್ಕ ಫ್ಯಾನ್ ತಿಂಗಳುಗಟ್ಟಲೆ ಇದಕ್ಕೆ ಮಾಡಿದ್ದಲ್ಲ. ಬ್ಯಾಟರಿ ಬೇಗ ಸೋಲುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಓಡಿಸುವುದಂತೂ ಬೇಡವೇ ಬೇಡ.

ಓಡಿಸಲೇಬೇಕು ಅಂದರೆ ಸೆಟ್ಟಿಂಗ್‌ನಲ್ಲಿ ಒಂದೋ ಎರಡೋ ಕೋರ್‌ಗೆ ಇಳಿಸಲಿ. ಬ್ಯಾಟರಿಯಲ್ಲಿದ್ದಾಗ ನಿಲ್ಲುವಂತೆ ಇಡಲಿ. ಎದ್ದು ಕೂತಿರುವಾಗ ಮಾತ್ರ, ಗಟ್ಟಿ ಮೇಜಿನ ಮೇಲೆ. ಹಳೆಯ ಡೆಸ್ಕ್‌ಟಾಪ್ ಇದ್ದರೆ ಅದು ವಾಸಿ. ಕ್ಲೌಡ್‌ನಲ್ಲಿ ಬಾಡಿಗೆ ಹಿಡಿಯುತ್ತೇನೆ ಎಂದರೆ ನಿಮ್ಮ ಕಾರ್ಡ್ ಕೊಡಬೇಡಿ. ನಿಲ್ಲಿಸಲು ಮರೆತರೂ ಮೀಟರ್ ಓಡುತ್ತಲೇ ಇರುತ್ತದೆ.

ಯಜಮಾನರು ಹೇಳುವ ಪೊಲೀಸ್ ಕೇಸ್ ಒಂದೇ ಕಡೆಯಿಂದ ಬರಬಹುದು. ಸಂಖ್ಯೆ ಹುಡುಕುವುದು ಅಪರಾಧವಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಯಾರಿಗೂ ಹೇಳದೆ ಇದನ್ನು ಹಾಕಿದರೆ ಅದು ತಪ್ಪು, ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಅನುಮತಿಯಿಲ್ಲದ ಬಳಕೆಯನ್ನು ಒಪ್ಪುವುದಿಲ್ಲ. 1998ರಲ್ಲಿ ಅಮೆರಿಕದ ಒಂದು ಟೆಲಿಫೋನ್ ಕಂಪನಿಯ ಎರಡೂವರೆ ಸಾವಿರ ಕಂಪ್ಯೂಟರುಗಳಲ್ಲಿ ಒಬ್ಬರು ಮರ್ಸೆನ್ ಅವಿಭಾಜ್ಯ ಹುಡುಕಲು ಹೋದದ್ದಕ್ಕೆ ಎಫ್‌ಬಿಐ ತನಿಖೆಯೇ ನಡೆಯಿತು. ಲ್ಯಾಬ್ ಬೇಕಿದ್ದರೆ ಎಚ್‌ಒಡಿ ಹತ್ತಿರ ಬರವಣಿಗೆಯಲ್ಲಿ ಅನುಮತಿ ಕೇಳಲಿ.

ನನ್ನನ್ನು ಕೇಳಿದರೆ, ಅವನ ವಯಸ್ಸಿಗೆ ಬೇರೊಬ್ಬರ ಸಾಫ್ಟ್‌ವೇರ್ ಓಡುವುದನ್ನು ಕಾಯುತ್ತಾ ಕೂರುವುದಕ್ಕಿಂತ ಲೂಕಾ–ಲೆಹ್ಮರ್ ಪರೀಕ್ಷೆಯನ್ನು ಪೈಥಾನ್‌ನಲ್ಲಿ ತಾನೇ ಬರೆಯುವುದರಲ್ಲಿ ಹೆಚ್ಚು ಸುಖವಿದೆ. ಹತ್ತು ಸಾಲೂ ಆಗುವುದಿಲ್ಲ. 521, 607, 1279 ಘಾತಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ, 11213ಕ್ಕೆ ಕೆಲವು ಸೆಕೆಂಡು. ಹೊಸ ಪೈಥಾನ್ 4300 ಅಂಕಿ ದಾಟಿದ ಸಂಖ್ಯೆಯನ್ನು ಪರದೆಗೆ ಬರೆಯಲು ಒಪ್ಪುವುದಿಲ್ಲ, ಆ ಮಿತಿಯನ್ನು ಏರಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ವಿದ್ಯಾರ್ಥಿಗಳು ತಮ್ಮ ಪ್ರೋಗ್ರಾಂ ತಪ್ಪು ಅಂದುಕೊಂಡು ರಾತ್ರಿಯೆಲ್ಲಾ ತಡಕಾಡುತ್ತಾರೆ.

ಇನ್ನು ಅವನ ಸೂತ್ರ. ಮರ್ಸೆನ್ ಅವಿಭಾಜ್ಯವನ್ನೇ ಮತ್ತೆ ಘಾತವಾಗಿ ಏರಿಸಿದರೆ ಹೊಸ ಅವಿಭಾಜ್ಯ ಸಿಗುತ್ತದೆ ಎಂದು ಬರೆದಿದ್ದಾನೆ. 3ನ್ನು ಏರಿಸಿದರೆ 2³ − 1, ಅಂದರೆ 7. 7ನ್ನು ಏರಿಸಿದರೆ 127. 31ನ್ನು ಏರಿಸಿದರೆ 2,14,74,83,647, ಇದು ಅವಿಭಾಜ್ಯ ಎಂದು ಆಯ್ಲರ್ 1772ರಲ್ಲೇ ತೋರಿಸಿದ್ದ. 127ನ್ನು ಏರಿಸಿದರೆ 39 ಅಂಕಿಗಳ ಅವಿಭಾಜ್ಯ, ಅದನ್ನು ತೋರಿಸಿದ್ದು ಲೂಕಾ. ನಾಲ್ಕಕ್ಕೆ ನಾಲ್ಕೂ ಸರಿ. ಇಷ್ಟನ್ನು ಯಾರ ಸಹಾಯವೂ ಇಲ್ಲದೆ ಗಮನಿಸಿದ್ದಾನೆ ಅಂದರೆ ಹುಡುಗನ ಕಣ್ಣು ಚುರುಕಾಗಿದೆ, ಅದನ್ನು ಅವನಿಗೆ ಹೇಳಿ. ಆದರೆ ಐದನೆಯದು ಸಾಲನ್ನು ಮುರಿಯುತ್ತದೆ. 2¹³ − 1, ಅಂದರೆ 8191, ಅವಿಭಾಜ್ಯ. 2⁸¹⁹¹ − 1 ಅವಿಭಾಜ್ಯ ಅಲ್ಲ. ಇದು 1953ರಲ್ಲೇ ಕಂಪ್ಯೂಟರಿನಿಂದ ಗೊತ್ತಾಯಿತು. ಮುಂದಿನ ಎರಡು, 2¹⁷ − 1 ಮತ್ತು 2¹⁹ − 1ರಿಂದ ಏರಿಸಿದವು, ಅವೂ ಅಲ್ಲ.

ನನ್ನ ಮಾತನ್ನೂ ಅವನು ಸುಮ್ಮನೆ ನಂಬಬೇಕಿಲ್ಲ. ಪೈಥಾನ್‌ನಲ್ಲಿ 2ರ 8191ನೇ ಘಾತವನ್ನು 3,38,19,37,59,479ರಿಂದ ಭಾಗಿಸಿ ಶೇಷ ಕೇಳಲಿ. 1 ಬರುತ್ತದೆ. ಹಾಗೇ 2ರ 1,31,071ನೇ ಘಾತಕ್ಕೆ 23,17,33,529. ಅಲ್ಲೂ 1. ಎರಡೂ ಭಾಜಕಗಳಲ್ಲಿ ಒಂದು ಕಳೆದು, ಆ ಘಾತದ ಎರಡರಷ್ಟರಿಂದ ಭಾಗಿಸಿ ನೋಡಲಿ. ಶೇಷವಿಲ್ಲದೆ ಹೋಗುತ್ತವೆ. ಯಾಕೆ ಹಾಗೆ ಎಂದು ಅವನು ಕೂತು ಯೋಚಿಸಿ ಬರೆದು ಕಳಿಸಿದರೆ ನಾನು ಓದಿ ಉತ್ತರ ಕೊಡುತ್ತೇನೆ.